ಮೊಳಕೆ ರಾಗಿ ಸರಿ ಹಿಟ್ಟಿನ ಪ್ಯಾಕೆಟ್: ಯಾವುದು ಕೊಳ್ಳಬಹುದು, ಯಾವುದು ಬೇಡ

ಅಂಗಡಿಯಲ್ಲಿ ಸಿಗುವ ರಾಗಿ ಸರಿ ಪ್ಯಾಕೆಟ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಬರೀ ಮೊಳಕೆ ರಾಗಿಯದು, ಬೇಳೆ-ಬಾದಾಮಿ-ಏಲಕ್ಕಿ ಸೇರಿದ್ದು, ಬೆಲ್ಲವೋ ಸಕ್ಕರೆಯೋ ಹಾಲಿನ ಪುಡಿಯೋ ಬೆರೆತ ದಿಢೀರ್ ಬಗೆ. ಒಂದು ವರ್ಷ ದಾಟಿದ ಮಗುವಿಗೆ ಮೊದಲನೆಯದನ್ನೇ ಕೊಳ್ಳಿ. ದಿಢೀರ್ ಪ್ಯಾಕೆಟ್ ಬೇಡವೇ ಬೇಡ: ಎರಡು ವರ್ಷ ತುಂಬುವವರೆಗೆ ಮಗುವಿನ ಊಟಕ್ಕೆ ಸಕ್ಕರೆ ಸೇರಿಸಬಾರದು, ಬೆಲ್ಲವೂ ಸಕ್ಕರೆಯೇ. ಸಿಹಿ ಬೇಕಿದ್ದರೆ ಮಾಗಿದ ಬಾಳೆಹಣ್ಣು ಕಿವುಚಿ ಹಾಕಿ.

ಮುಂಭಾಗದ ಚಿತ್ರ ನಂಬಬೇಡಿ, ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ತೂಕದ್ದು ಮೊದಲು ಬರುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ (ಪಿಷ್ಟದಿಂದ ತಯಾರಿಸಿದ, ಸಕ್ಕರೆಯಂತೆ ಬೇಗ ಜೀರ್ಣವಾಗುವ ಪುಡಿ) ಕಂಡರೆ ಕೆಳಗಿಡಿ. ಬಾದಾಮಿ, ಗೋಡಂಬಿ ಬೆರೆತ ಹಿಟ್ಟಿನಲ್ಲಿ ಇನ್ನೊಂದು ತೊಂದರೆ: ಮೈಮೇಲೆ ದದ್ದು ಎದ್ದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಅವನ್ನು ಮನೆಯಲ್ಲೇ ನುಣ್ಣಗೆ ಪುಡಿ ಮಾಡಿ, ಒಂದೊಂದಾಗಿ ಪರಿಚಯಿಸುವುದು ಒಳ್ಳೆಯದು. ತಯಾರಾದ ದಿನಾಂಕ ಹೊಸದಿರಲಿ, ಪ್ಯಾಕೆಟ್ ಚಿಕ್ಕದಿರಲಿ. ಮುಗ್ಗಲು ವಾಸನೆಯೋ ಕಹಿಯೋ ಬಂದ ಹಿಟ್ಟನ್ನು ಹುರಿದು ಸರಿಪಡಿಸಲು ಹೋಗಬೇಡಿ, ಎಸೆಯಿರಿ.

ವಸ್ತ್ರಗಾಳಿತ ಹಿಟ್ಟಿಗೆ ಹೆಚ್ಚು ಬೆಲೆ ಕೊಡಬೇಕೆ? ಆರೇಳು ತಿಂಗಳ ಕೂಸಿಗೆ ನುಣುಪು ಅನುಕೂಲ. ಒಂದು ವರ್ಷದ ಮೇಲೆ ಬೇಕಿಲ್ಲ. ರಾಗಿಯ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇದೆ. ಬಟ್ಟೆಯಲ್ಲಿ ಸೋಸಿದಷ್ಟೂ ಅದು ಹೊರಹೋಗುತ್ತದೆ.

ಬೇಯಿಸುವಾಗ ಎರಡು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ಹಿಟ್ಟನ್ನು ತಣ್ಣೀರಿನಲ್ಲೇ ಗಂಟಿಲ್ಲದಂತೆ ಕದಡಿ. ಒಟ್ಟು ನೀರು 200 ಮಿ.ಲೀ. ಸಣ್ಣ ಉರಿಯಲ್ಲಿ ಕೈಬಿಡದೆ ಕಲಕುತ್ತ ಏಳೆಂಟು ನಿಮಿಷ ಬೇಯಿಸಿ, ಕೊನೆಗೆ ಒಂದು ಚಮಚ ತುಪ್ಪ ಹಾಕಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ನಿಧಾನವಾಗಿ ಕಾಯುವಾಗ ಪಿಷ್ಟವನ್ನು ಒಡೆದು ಸರಿಯನ್ನು ತೆಳುವಾಗಿಸುತ್ತದೆ. ಹೀಗಾಗಿ ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಚಿಕ್ಕ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಮೊಳಕೆ ಹಿಟ್ಟಿನ ನಿಜವಾದ ಲಾಭ ಇದು. ಕುದಿಯುವ ನೀರಿಗೆ ಸುರಿದರೆ ಗಂಟೂ ಕಟ್ಟುತ್ತದೆ, ಕಿಣ್ವವೂ ಸಾಯುತ್ತದೆ. ಚಮಚ ಓರೆ ಮಾಡಿದಾಗ ಸರಿ ನೀರಿನಂತೆ ಹರಿದುಹೋಗದೆ ನಿಲ್ಲಬೇಕು. ಹರಿದರೆ ಮುಂದಿನ ಸಲ ಅಷ್ಟೇ ನೀರಿಗೆ ಹಿಟ್ಟು ಇನ್ನಷ್ಟು ಹಾಕಿ.

ಪ್ಯಾಕೆಟ್ ಮೇಲೆ 'ಕಬ್ಬಿಣಾಂಶದ ಖನಿ' ಎಂಬಂತೆ ಬರೆದಿದ್ದರೆ ಅದನ್ನೇ ನೆಚ್ಚಬೇಡಿ. ರಾಗಿಯ ಕಬ್ಬಿಣವನ್ನು ಕಾಳಿನಲ್ಲೇ ಇರುವ ಫೈಟೇಟ್ ಎಂಬ ವಸ್ತು ಮೈಗೆ ಸೇರದಂತೆ ಹಿಡಿದಿಡುತ್ತದೆ. ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಸರಿ ಜೊತೆ ಸೀಬೆ, ಕಿತ್ತಳೆಯಂಥ ಹಣ್ಣು ಕೊಡಿ, ದಿನದ ಬೇರೆ ಊಟದಲ್ಲಿ ಬೇಳೆ, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮಾಂಸ ಇರಲಿ. ಹಸುವಿನ ಹಾಲು ದಿನಕ್ಕೆ ಅರ್ಧ ಲೀಟರ್ ದಾಟಿದರೆ ಊಟದ ಹಸಿವು ಸತ್ತು ರಕ್ತಹೀನತೆ ಬರುವ ಸಂಭವ ಹೆಚ್ಚು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್, ವಾರಕ್ಕೆ ಎರಡು ಸಲ 1 ಮಿ.ಲೀ., ಬಿಡಬೇಡಿ. ಅದನ್ನು ರಾಗಿ ಅಥವಾ ಹಾಲಿನ ಹೊತ್ತಿಗೆ ಹಾಕದೆ ಬೇರೆ ಹೊತ್ತಿನಲ್ಲಿ ಕೊಡಿ. ಮಲ ಕಪ್ಪಾದರೆ ಗಾಬರಿ ಬೇಡ, ಔಷಧದ ಬಣ್ಣ ಅದು.

ತಾಯಿ ಕಾರ್ಡಿನ ತೂಕದ ಗೆರೆ ಎರಡು ತಿಂಗಳು ಮೇಲೇರದಿದ್ದರೆ ಮತ್ತೊಂದು ಹಿಟ್ಟು ಹುಡುಕುತ್ತ ಕೂರದೆ ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸಿ.