ಜ್ಞಾನ್ ಪೋಸ್ಟ್: ಸ್ವಂತ ಪುಸ್ತಕ ತಾವೇ ಕಳಿಸುವವರಿಗೆ ಎಷ್ಟು ಉಪಯೋಗ?

ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸಿ ಮಾರುವ ಶಿರಸಿ, ಕುಮಟಾ, ಕಾರವಾರದ ಕಡೆಯ ಲೇಖಕರು ಕಣ್ಣು ಮುಚ್ಚಿ ಬಳಸಬಹುದಾದ ಸೇವೆ ಜ್ಞಾನ್ ಪೋಸ್ಟ್, ಅಂದರೆ ಪುಸ್ತಕಗಳಿಗೆಂದೇ ಅಂಚೆ ಇಲಾಖೆ ಅಗ್ಗದ ದರದಲ್ಲಿ ನಡೆಸುವ ಸೇವೆ. ಆದರೆ ಅದರ ನಿಯಮ ಪುಸ್ತಕ ಪ್ರೆಸ್ಸಿಗೆ ಹೋಗುವ ಮೊದಲೇ ಗೊತ್ತಿರಬೇಕು, ಆಮೇಲಲ್ಲ.

ಪುಸ್ತಕ ಕಳಿಸಲು ಮೊದಲಿದ್ದ ಅಗ್ಗದ ಅಂಚೆ, ರಿಜಿಸ್ಟರ್ಡ್ ಬುಕ್ ಪೋಸ್ಟ್, 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಜ್ಞಾನ್ ಪೋಸ್ಟ್ ಶುರುವಾದದ್ದು 2025ರ ಮೇ 1ರಿಂದ. 300 ಗ್ರಾಂವರೆಗೆ 20 ರೂಪಾಯಿ, 500ರವರೆಗೆ 25, ಒಂದು ಕಿಲೋಗೆ 35, ಎರಡು ಕಿಲೋಗೆ 50, ಗರಿಷ್ಠ 5 ಕಿಲೋಗೆ 100, ತೆರಿಗೆ ಬೇರೆ. ದೇಶದ ಯಾವ ಮೂಲೆಗಾದರೂ ಇದೇ ದರ. ಶಿರಸಿಯಿಂದ ಬೆಂಗಳೂರಿಗೆ ಅರ್ಧ ಕಿಲೋದೊಳಗಿನ ಪುಸ್ತಕ ಸ್ಪೀಡ್ ಪೋಸ್ಟಿನಲ್ಲಿ ಹೋದರೆ ಸುಮಾರು 75 ರೂಪಾಯಿ ಆಗುತ್ತದೆ. 150 ರೂಪಾಯಿ ಮುಖಬೆಲೆಯ ಪುಸ್ತಕಕ್ಕೆ ಅಷ್ಟು ಅಂಚೆ ಖರ್ಚು ಹಾಕಿದರೆ ಲೇಖಕರ ಕೈಯಲ್ಲಿ ಉಳಿಯುವುದು ಏನೂ ಇಲ್ಲ.

ತೂಕದ ಲೆಕ್ಕ ಹೀಗೆ. ಡೆಮಿ 1/8 ಆಕಾರ, ಒಳಪುಟಕ್ಕೆ 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಮ್ಯಾಪ್ಲಿಥೋ ಕಾಗದ, 300 ಜಿಎಸ್‌ಎಂ ಆರ್ಟ್ ಕಾರ್ಡಿನ ಮುಖಪುಟ, 200 ಪುಟ: ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ. 80 ಜಿಎಸ್‌ಎಂ ಹಾಕಿದರೆ 260ರ ಆಸುಪಾಸು. ರಟ್ಟು, ಪ್ಲಾಸ್ಟಿಕ್, ಖಾಕಿ ಕಾಗದ ಸೇರಿದಾಗ 300 ದಾಟುವ ಸಂಭವ ಇದೆ. ದಾಟಿದರೆ ಹೆಚ್ಚುವುದು ಐದೇ ರೂಪಾಯಿ. ಅದಕ್ಕೆ ಹೆದರಿ ರಟ್ಟು ಬಿಡುವುದು ದಡ್ಡತನ. ನಿಜವಾದ ಉಳಿತಾಯ ಇರುವುದು ಒಟ್ಟಿಗೆ ಕಳಿಸುವುದರಲ್ಲಿ: 230 ಗ್ರಾಂನ ಎಂಟು ಪ್ರತಿ ಎರಡು ಕಿಲೋದೊಳಗೆ 50 ರೂಪಾಯಿಗೆ ಹೋಗುತ್ತವೆ, ಇಪ್ಪತ್ತು ಪ್ರತಿ 100 ರೂಪಾಯಿಗೆ. ಬೇರೆ ಊರಿನ ಗೆಳೆಯರೊಬ್ಬರಿಗೆ ಕಟ್ಟು ಕಳಿಸಿ, ಅಲ್ಲಿಂದ ಹಂಚಿಸುವವರಿಗೆ ಇದಕ್ಕಿಂತ ಅಗ್ಗದ ದಾರಿ ಸಿಗುವುದು ಕಷ್ಟ.

ಇನ್ನು ತೊಡಕು. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಮಾತ್ರ ಈ ದರ. ಮುದ್ರಕರ ಅಥವಾ ಪ್ರಕಾಶಕರ ಹೆಸರು ಪುಸ್ತಕದಲ್ಲಿ ಅಚ್ಚಾಗಿರಲೇಬೇಕು. ಮನೆಯ ವಿಳಾಸವನ್ನೇ ಪ್ರಕಾಶನ ಮಾಡಿಕೊಂಡವರು ಅದನ್ನು ಇಂಪ್ರಿಂಟ್ ಪುಟದಲ್ಲಿ (ಮುದ್ರಣದ ವಿವರ ಇರುವ ಪುಟ) ಮರೆಯದೆ ಹಾಕಿಸಬೇಕು. ನಿಯತಕಾಲಿಕಗಳು ಇದರಲ್ಲಿ ಹೋಗುವುದಿಲ್ಲ, ಜಾಹೀರಾತು ಇರುವ ಪುಸ್ತಕವೂ ಹೋಗುವುದಿಲ್ಲ. ನಮ್ಮ ಕಡೆ ಏಟು ಬೀಳುವುದೇ ಇಲ್ಲಿ: ಕೊನೆಯ ನಾಲ್ಕು ಪುಟಕ್ಕೆ ಸೊಸೈಟಿ, ಅಡಿಕೆ ವಖಾರಿ, ಬಟ್ಟೆ ಅಂಗಡಿಗಳ ಜಾಹೀರಾತು ಪಡೆದು ಮುದ್ರಣದ ಖರ್ಚು ಹೊಂದಿಸುವವರು ಇದ್ದಾರೆ. ಆ ಹಣ ಬೇಕೇ ಬೇಕೆಂದರೆ ಜ್ಞಾನ್ ಪೋಸ್ಟ್ ಕೈಬಿಟ್ಟ ಹಾಗೆಯೇ. ಲೇಖಕರ ಇತರ ಪುಸ್ತಕಗಳ ಪಟ್ಟಿಗೆ ಅಡ್ಡಿಯಿಲ್ಲ. ಕಾದಂಬರಿ, ಕವನ ಸಂಕಲನ ಯಾವ ವರ್ಗಕ್ಕೆ ಸೇರುತ್ತದೆ ಎಂಬ ಪ್ರಶ್ನೆ ಕೌಂಟರಿನಲ್ಲಿ ಏಳಬಹುದು. ಒಂದು ಪ್ರತಿ ಕೈಯಲ್ಲೇ ಹಿಡಿದು ಹೋಗಿ ಮೊದಲು ತೋರಿಸಿ, ನಂತರ ಉಳಿದವನ್ನು ಪ್ಯಾಕ್ ಮಾಡಿ ಅಂಟಿಸಿ. ಹಳ್ಳಿಯ ಬ್ರಾಂಚ್ ಪೋಸ್ಟಿನ ಬದಲು ಸಬ್ ಆಫೀಸಿಗೋ ಹೆಡ್ ಆಫೀಸಿಗೋ ಹೋಗುವುದು ಒಳ್ಳೆಯದು.

ಮಳೆಗಾಲದ ಪ್ಯಾಕಿಂಗ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಮುಖಪುಟಕ್ಕೆ ಲ್ಯಾಮಿನೇಷನ್ ಇರುವುದು ಹೊರಮೈಗೆ ಮಾತ್ರ. ಒಳಮೈ ತೇವ ಹೀರಿ ಹಿಗ್ಗುತ್ತದೆ, ಹೊರಮೈ ಹಿಗ್ಗುವುದಿಲ್ಲ, ಹಾಗಾಗಿ ರಕ್ಷಾಪುಟ ಹೊರಕ್ಕೆ ಸುರುಳುತ್ತದೆ. ಜೂನ್–ಜುಲೈನ ಶಿರಸಿಯಲ್ಲಿ ಕಪಾಟಿನಲ್ಲಿಟ್ಟ ಪುಸ್ತಕವೇ ಹೀಗಾಗುತ್ತದೆ, ಚೀಲದಲ್ಲಿ ಪ್ರಯಾಣ ಮಾಡುವುದರ ಗತಿ ಹೇಳಬೇಕೆ? ಮೊದಲು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ಒತ್ತಿ ತೆಗೆದು ಸುತ್ತಿ. ಎರಡೂ ಕಡೆ ಪುಸ್ತಕಕ್ಕಿಂತ ಅರ್ಧ ಸೆಂಟಿಮೀಟರ್ ದೊಡ್ಡ ರಟ್ಟು ಇಡಿ, ಪೆಟ್ಟು ರಟ್ಟಿನ ಮೂಲೆಗೆ ಬೀಳಲಿ. ಆಮೇಲೆ ಖಾಕಿ ಕಾಗದ. ವಿಳಾಸಕ್ಕೆ ಜೆಲ್ ಪೆನ್ ಬೇಡ, ನೀರು ತಾಗಿದರೆ ಹರಡುತ್ತದೆ. ಬಾಲ್ ಪೆನ್ನಿನಲ್ಲಿ ಬರೆದು ಮೇಲೆ ಅಗಲ ಟೇಪ್ ಅಂಟಿಸಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯೊಳಗಿನ ಓದುಗರಿಗೆ ಕಳಿಸುವಾಗ ಪಿನ್ ತಪ್ಪಿದರೆ ತೊಂದರೆ ಹೆಚ್ಚು. ಸಿದ್ದಾಪುರ ಕೊಡಗಿನಲ್ಲೂ ಇದೆ, ಕುಂದಾಪುರದ ಹತ್ತಿರವೂ ಇದೆ, ನಮ್ಮದು 581355. ‘ತಾ: ಸಿದ್ದಾಪುರ (ಉ.ಕ.)’ ಎಂದಷ್ಟೇ ಬರೆದರೆ ಸಾಲದು. ಒಂದೇ ಊರಿನಲ್ಲಿ ಅದೇ ಹೆಸರಿನ ಹೆಗಡೆಯವರು, ಭಟ್ಟರು ನಾಲ್ಕು ಜನ ಇರುವ ಕಡೆ ಮನೆಯ ಹೆಸರು, ಮೊಬೈಲ್ ನಂಬರ್ ಎರಡೂ ಇರಲಿ.

ಸಾಗಣೆ ನೆಲದ ಮಾರ್ಗದಲ್ಲಿ, ಆದ್ದರಿಂದ ತುರ್ತಿನ ಪ್ರತಿಗಳಿಗೆ ಇದು ಹೊಂದುವುದಿಲ್ಲ. ಸ್ಪರ್ಧೆಯ ಕೊನೆಯ ದಿನಾಂಕ ಹತ್ತಿರ ಬಂದಿದ್ದರೆ ಸ್ಪೀಡ್ ಪೋಸ್ಟೇ ಗತಿ. ಟ್ರ್ಯಾಕಿಂಗ್ ಇದೆ. ರಸೀದಿಯ ಫೋಟೋವನ್ನು ಅಂದೇ ಓದುಗರ ವಾಟ್ಸಾಪಿಗೆ ಕಳಿಸಿಬಿಟ್ಟರೆ ‘ಪುಸ್ತಕ ಬಂದಿಲ್ಲ’ ಎಂಬ ಫೋನುಗಳು ಬಹಳ ಕಡಿಮೆಯಾಗುತ್ತವೆ.