ಹಳೆಯ ಭಾವಗೀತೆಗಳ ಮರುಶ್ರವಣ: ಕ್ಯಾಸೆಟ್ಟೋ, ಫೋನೋ?

ಹಳೆಯ ಭಾವಗೀತೆಗಳ ಸಂಕಲನಗಳನ್ನು ಮತ್ತೆ ಕೇಳಿ ತೂಗಿನೋಡಲು ಟೇಪ್‌ರೆಕಾರ್ಡರ್ ರಿಪೇರಿ ಮಾಡಿಸಬೇಕೋ, ಫೋನೇ ಸಾಕೋ ಎಂದು ಕೇಳಿದ್ದೀರಿ. ಖರ್ಚಿನಲ್ಲಿ ಫೋನೇ ಹಗುರ. ಬಾಳಿಕೆಯಲ್ಲಿಯೂ, 40 ಡಿಗ್ರಿ ದಾಟುವ ನಮ್ಮ ರಾಯಚೂರಿನ ಬೇಸಿಗೆಯನ್ನು ಮತ್ತು ಟೇಪನ್ನು ಓದುವ ಹೆಡ್ಡಿಗೆ ಅಂಟಿ ದನಿಯನ್ನು ಮಂಕಾಗಿಸುವ ಧೂಳನ್ನು ಕ್ಯಾಸೆಟ್ಟು ಹೆಚ್ಚು ಕಾಲ ತಾಳುವುದಿಲ್ಲ.

ಆದರೆ ಮರುಮೌಲ್ಯಮಾಪನಕ್ಕೆ ಕೇಳುವ ಕ್ರಮವೇ ಮುಖ್ಯವೆಂದು ನನ್ನ ಅನುಭವ. 60 ನಿಮಿಷದ ಕ್ಯಾಸೆಟ್ಟು ಒಂದೊಂದು ಬದಿಗೆ 30 ನಿಮಿಷ ನಮ್ಮನ್ನು ಕೂರಿಸುತ್ತದೆ. ಹಾಡು ದಾಟಿಸುವುದು ತೊಡಕಾದ್ದರಿಂದ, ಎಳೆಯ ವಯಸ್ಸಿನಲ್ಲಿ ಬೇಸರ ತರಿಸಿದ್ದ ‘ಬಿ’ ಬದಿಯ ನಿಧಾನಗತಿಯ ಹಾಡುಗಳೇ ಈಗ ಇಡೀ ಸಂಕಲನದ ಜೀವವೆಂದು ನನಗೆ ತೋರಿವೆ. ಸಿ. ಅಶ್ವಥ್ ಅವರ ಸಂಯೋಜನೆಯ ಒಂದೇ ಸಾಲನ್ನು ಹತ್ತು ಬಾರಿ ಹಿಂದಕ್ಕೆ ಸರಿಸಿ ವಾದ್ಯಗಳನ್ನು ಗಮನಿಸುವವರಿಗೆ ಫೋನು ಅನುಕೂಲ. ಯಂತ್ರವೂ ಸಂಜೆಯ ಬಿಡುವೂ ಇರುವವರಿಗೆ ಕ್ಯಾಸೆಟ್ಟು.