ಉಪ್ಪಿನ ಬಾಯಿಗೆ ಡಿಟರ್ಜೆಂಟ್ ಸುರಿದರೆ: ಡಿಶ್‌ವಾಶರ್ ಇರುವವರು ಓದಿ

ಒಂದು ಮನೆಯಲ್ಲಿ ಹೊಸ ಡಿಶ್‌ವಾಶರ್‌ನ ಉಪ್ಪಿನ ಡಬ್ಬಕ್ಕೆ ಡಿಟರ್ಜೆಂಟ್ ಪುಡಿ ತುಂಬಿಬಿಟ್ಟರು. ಎರಡೂ ಬಿಳಿ, ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರದ ಪೊಟ್ಟಣ, ಎರಡರ ಮೇಲೂ ಫಳಫಳ ಹೊಳೆಯುವ ಲೋಟದ ಚಿತ್ರ. ಶುರುವಿನಲ್ಲಿ ಪಾತ್ರೆ ಚೆನ್ನಾಗಿಯೇ ತೊಳೆದು ಬಂದವು, ಏಕೆಂದರೆ ಬಾಗಿಲಿನ ಡಬ್ಬಿಗೂ ಡಿಟರ್ಜೆಂಟ್ ಹಾಕುತ್ತಿದ್ದರು. ಆಮೇಲೆ ಗಾಜಿನ ಲೋಟಗಳ ಮೇಲೆ ಬಿಳಿ ಪೊರೆ ಕಾಣಿಸಿಕೊಂಡಿತು. ಪುಡಿಯೇ ಸರಿಯಿಲ್ಲವೆಂದು ಬ್ರಾಂಡ್ ಬದಲಾಯಿಸಿದರು, ಅಳತೆ ಹೆಚ್ಚಿಸಿದರು, ಹನಿಗಳ ಗುರುತು ಉಳಿಯದಿರಲೆಂದು ಹಾಕುವ ರಿನ್ಸ್ ಏಡ್ ಎಂಬ ದ್ರವದ ಅಳತೆಯನ್ನು ಕೊನೆಯ ಅಂಕಿಗೆ ಏರಿಸಿದರು. ಪೊರೆ ಹೋಗಲಿಲ್ಲ, ಅದರ ಜೊತೆಗೆ ನೀಲಿ ಛಾಯೆಯ ಗೆರೆಗಳೂ ಸೇರಿಕೊಂಡವು. ಕೊನೆಗೆ ಮೆಕ್ಯಾನಿಕ್ ಉಪ್ಪಿನ ಮುಚ್ಚಳ ತಿರುಗಿಸಿ ನೋಡಿದರೆ ಒಳಗೆ ಬಿಳಿ ಗಡ್ಡೆ. ಚಮಚದ ಹಿಡಿಯಿಂದ ಕುಟ್ಟಿದರೂ ಅಂಚು ಮಾತ್ರ ಉದುರಿತು. ನೀರನ್ನು ಮೆದು ಮಾಡುವ ಭಾಗವನ್ನು ಇಡಿಯಾಗಿ ಬದಲಾಯಿಸಬೇಕಾಯಿತು. ಬಳಕೆಯ ತಪ್ಪು ಎಂದು ವಾರಂಟಿಯೂ ಸಿಗಲಿಲ್ಲ.

ಈ ತಪ್ಪು ಅಪರೂಪವಲ್ಲ. ಮಾಡಿದ ದಿನ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ. ಅದಕ್ಕೇ ಒಳಗೆ ಏನಾಗುತ್ತದೆ ಎಂದು ತಿಳಿದಿರಬೇಕು.

ಯಂತ್ರದೊಳಗೆ ಬರುವ ನೀರು ಮೊದಲು ರೆಸಿನ್ ಎಂಬ ಸಣ್ಣ ಮಣಿಗಳ ನಡುವೆ ಹಾದುಹೋಗುತ್ತದೆ. ಆ ಮಣಿಗಳು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಸೋಡಿಯಂ ಮುಗಿದಾಗ ಯಂತ್ರ ತಾನೇ ಉಪ್ಪಿನ ಡಬ್ಬದಿಂದ ಗಾಢ ಉಪ್ಪುನೀರನ್ನು ಮಣಿಗಳ ಮೇಲೆ ಹಾಯಿಸುತ್ತದೆ. ಹಿಡಿದಿಟ್ಟ ಕ್ಯಾಲ್ಸಿಯಂ ಬಿಟ್ಟು ಚರಂಡಿಗೆ ಹೋಗುತ್ತದೆ, ಮಣಿಗಳು ಮತ್ತೆ ಕೆಲಸಕ್ಕೆ ಸಿದ್ಧ. ಪಾತ್ರೆಗೆ ಉಪ್ಪು ತಾಗುವುದೇ ಇಲ್ಲ. ಈಗ ಆ ಡಬ್ಬದಲ್ಲಿ ಉಪ್ಪಿನ ಬದಲು ಡಿಟರ್ಜೆಂಟ್ ಇದ್ದರೆ ಅದರಲ್ಲಿರುವ ಸೋಡಿಯಂ ಕಾರ್ಬೊನೇಟ್, ಸಿಲಿಕೇಟ್, ಪಾಲಿಮರ್‌ಗಳೆಲ್ಲ ಮಣಿಗಳ ಮೇಲೆ ಹಾಯುತ್ತವೆ. ಕಾರ್ಬೊನೇಟ್ ಅಲ್ಲೇ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣವಾಗಿ ಕೂರುತ್ತದೆ. ಸಣ್ಣ ದಾರಿಗಳು, ವಾಲ್ವ್ ಕಟ್ಟಿಕೊಳ್ಳುತ್ತವೆ. ತೊಳೆದು ಸರಿಪಡಿಸುವ ಭಾಗ ಅದಲ್ಲ.

ಸುರಿದ ಕೂಡಲೇ ಗೊತ್ತಾದರೆ ಯಂತ್ರ ಚಾಲೂ ಮಾಡಬೇಡಿ. ಇದೊಂದೇ ಉಳಿಸುವ ಕ್ರಮ. ಪ್ಲಗ್ ತೆಗೆಯಿರಿ, ಪುಡಿಯನ್ನು ಚಮಚದಿಂದ ತೋಡಿ, ಉಳಿದ ನೀರನ್ನು ದೊಡ್ಡ ಸಿರಿಂಜ್ ಅಥವಾ ಸ್ಪಂಜಿನಿಂದ ಎಳೆದು ತೆಗೆಯಿರಿ, ಶುದ್ಧ ನೀರು ಹಾಕಿ ಮತ್ತೆ ಎಳೆಯಿರಿ, ಜಾರುವ ಗುಣ ಪೂರ್ತಿ ಹೋಗುವವರೆಗೆ. ಒಂದು ಸಲ ಯಂತ್ರ ಓಡಿದ್ದರೆ ಈ ಕಸರತ್ತು ಬೇಡ, ಮೆಕ್ಯಾನಿಕ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮುಚ್ಚಿಟ್ಟರೆ ಅವರು ಪಂಪ್, ಹೀಟರ್ ಅಂತ ಬೇರೆಲ್ಲೋ ಹುಡುಕುತ್ತಾರೆ, ಆ ಖರ್ಚೂ ನಿಮ್ಮ ತಲೆಗೇ.

ಇನ್ನು ಉಪ್ಪು ಎಂಥದ್ದು? ಡಿಶ್‌ವಾಶರ್ ಉಪ್ಪು ಎಂದರೆ ಶುದ್ಧ ಸೋಡಿಯಂ ಕ್ಲೋರೈಡ್, ದಪ್ಪ ಕಾಳು, ಅಷ್ಟೆ. ಅಡುಗೆಯ ಪುಡಿ ಉಪ್ಪಿನಲ್ಲಿ ಅಯೋಡಿನ್ ಇರುವುದೇ ತೊಂದರೆ ಎಂದು ಹೇಳುವವರಿದ್ದಾರೆ. ನಿಜವಾದ ತೊಂದರೆ ಬೇರೆ. ಅದು ಸಣ್ಣಗಿರುವುದರಿಂದ ನೀರಿನಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಜೊತೆಗೆ ಗಂಟು ಕಟ್ಟದಿರಲೆಂದು ಬೆರೆಸಿದ ಪದಾರ್ಥಗಳಲ್ಲಿ ಕೆಲವು ನೀರಿನಲ್ಲಿ ಕರಗುವುದಿಲ್ಲ. ಶುದ್ಧೀಕರಿಸದ ಹರಳುಪ್ಪು ಇನ್ನೂ ಕೆಟ್ಟದ್ದು: ಮಣ್ಣು ಇರುತ್ತದೆ, ಮಣಿಗಳು ತೆಗೆದುಹಾಕಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದರಲ್ಲೇ ಇರುತ್ತವೆ.

ಮೊದಲ ಸಲ ತುಂಬುವಾಗ ಮಾತ್ರ ಡಬ್ಬಕ್ಕೆ ಮೊದಲು ನೀರು, ಸುಮಾರು 1 ಲೀಟರ್. ಆಮೇಲೆ ಯಂತ್ರದ ಜೊತೆ ಬಂದ ಆಲಿಕೆ ಇಟ್ಟು ಉಪ್ಪು. ಯಂತ್ರಕ್ಕೆ ತಕ್ಕಂತೆ 1ರಿಂದ 1.5 ಕಿಲೋ ಹಿಡಿಯುತ್ತದೆ. ಉಪ್ಪು ಹೋದಷ್ಟು ನೀರು ಹೊರಗೆ ಚೆಲ್ಲುತ್ತದೆ, ಹೆದರಬೇಕಿಲ್ಲ. ಆದರೆ ಚೆಲ್ಲಿದ ಉಪ್ಪುನೀರನ್ನು ಅಲ್ಲೇ ಬಿಟ್ಟು ಮಲಗಬೇಡಿ. ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನ ರಕ್ಷಣೆಯ ಪದರವನ್ನೇ ಕೊರೆದು ಸಣ್ಣ ಸಣ್ಣ ಗುಳಿ ಮಾಡುತ್ತದೆ. ಆದ್ದರಿಂದ ಉಪ್ಪು ತುಂಬುವ ಕೆಲಸವನ್ನು ತೊಳೆಯಲು ಹಾಕುವ ಹೊತ್ತಿಗೇ ಇಟ್ಟುಕೊಳ್ಳಿ, ಮುಚ್ಚಿದ ಕೂಡಲೇ ಯಂತ್ರ ಓಡಿಸಿ. ಮುಚ್ಚಳದ ತಿರುಪಿನಲ್ಲಿ, ರಬ್ಬರ್ ಉಂಗುರದ ಮೇಲೆ ಒಂದು ಕಾಳು ಸಿಕ್ಕಿಕೊಂಡರೂ ಸಾಕು, ಪ್ರತಿ ಸಲ ತೊಳೆಯುವಾಗ ಉಪ್ಪುನೀರು ಒಳಗೆ ಜಿನುಗುತ್ತದೆ. ಲೋಟದ ಬಿಳಿ ಪೊರೆಗೆ ನಾಲಿಗೆ ತಾಗಿಸಿದಾಗ ಉಪ್ಪುಪ್ಪಾಗಿದ್ದರೆ, ಉಪ್ಪು ಬೇಗ ಬೇಗ ಖಾಲಿಯಾಗುತ್ತಿದ್ದರೆ ಮೊದಲು ಆ ಮುಚ್ಚಳ ನೋಡಿ. ತುಂಬಿದ ಮೇಲೂ ಉಪ್ಪು ಮುಗಿದಿದೆ ಎಂದು ತೋರಿಸುವ ದೀಪ ಸ್ವಲ್ಪ ಹೊತ್ತು ಉರಿಯುವುದುಂಟು, ಕರಗಲು ಸಮಯ ಬೇಕು.

ಉಪ್ಪು ತಿಂಗಳುಗಟ್ಟಲೆ ಇಳಿಯುವುದೇ ಇಲ್ಲ ಎಂಬ ದೂರು ಇದಕ್ಕೆ ತದ್ವಿರುದ್ಧ. ಬಹಳ ಸಲ ಕಾರಣ ಸರಳ: ಯಂತ್ರದಲ್ಲಿ ನೀರಿನ ಗಡಸುತನದ (ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂಬುದರ) ಮಟ್ಟವನ್ನು ಯಾರೂ ಹೊಂದಿಸಿಲ್ಲ, ಅಥವಾ ಅದು ಸೊನ್ನೆಯಲ್ಲಿದೆ. ಹಲವು ಯಂತ್ರಗಳಲ್ಲಿ ಸೊನ್ನೆ ಎಂದರೆ ಮಣಿಗಳಿಗೆ ಉಪ್ಪುನೀರು ಹಾಯಿಸುವುದೇ ಬೇಡ ಎಂದರ್ಥ. ಉಪ್ಪು ತುಂಬಿಟ್ಟು ಮಟ್ಟ ಹೊಂದಿಸದಿದ್ದರೆ ತುಂಬಿದ್ದು ವ್ಯರ್ಥ. ಗಡಸುತನ ಅಳೆಯಲು ಪಟ್ಟಿ ಸಿಗುತ್ತದೆ. ಒಂದು ಕ್ಷಣ ನೀರಿಗೆ ಅದ್ದಿ, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಕಾದು, ಬಣ್ಣ ಹೋಲಿಸಿ ನೋಡಿದರಾಯಿತು. ಟಿಡಿಎಸ್ ಮೀಟರ್ ಮಾತ್ರ ನಂಬಬೇಡಿ. ಅದು ಕರಗಿದ ಎಲ್ಲ ಲವಣವನ್ನೂ ಒಟ್ಟಿಗೆ ಎಣಿಸುತ್ತದೆ, ಸೋಡಿಯಂ ಯಾವುದು ಕ್ಯಾಲ್ಸಿಯಂ ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಮೆದು ಮಾಡಿದ ನೀರಿನ ಟಿಡಿಎಸ್ ಕೂಡ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಮ್ಯಾನ್ಯುಅಲ್‌ನಲ್ಲಿ ಗಡಸುತನವನ್ನು ಜರ್ಮನ್ ಡಿಗ್ರಿ ಎಂಬ ಅಳತೆಯಲ್ಲಿ ಕೊಟ್ಟಿದ್ದು, ನಿಮ್ಮ ಪಟ್ಟಿ ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕ) ತೋರಿಸಿದರೆ 17.8ರಿಂದ ಭಾಗಿಸಿ: 350 ಪಿಪಿಎಂ ಎಂದರೆ ಸುಮಾರು 20 ಡಿಗ್ರಿ. ಫ್ರೆಂಚ್ ಡಿಗ್ರಿ ಆದರೆ 10ರಿಂದ ಭಾಗಿಸಿ, 35. ಈ ಎರಡು ಡಿಗ್ರಿಗಳನ್ನು ಅದಲುಬದಲು ಮಾಡಿಕೊಂಡು ತಪ್ಪು ಮಟ್ಟ ಇಟ್ಟವರೂ ಇದ್ದಾರೆ.

ಆಲ್ ಇನ್ ಒನ್ ಟ್ಯಾಬ್ಲೆಟ್ ಹಾಕಿದರೆ ಉಪ್ಪೇ ಬೇಡ ಎಂಬ ಮಾತನ್ನು ಅರ್ಧ ಮಾತ್ರ ನಂಬಿ. ಅದರಲ್ಲಿ ಇರುವುದು ಉಪ್ಪಲ್ಲ, ಕ್ಯಾಲ್ಸಿಯಂ ಅನ್ನು ಸುಣ್ಣವಾಗಿ ಕೂರದಂತೆ ತಡೆಯುವ ಸಿಟ್ರೇಟ್‌ನಂಥ ಪದಾರ್ಥಗಳು. ಟ್ಯಾಬ್ಲೆಟ್ ಒಂದೇ, ಅದರಲ್ಲಿರುವ ಪ್ರಮಾಣವೂ ಅಷ್ಟೇ. ನೀರು ಅದಕ್ಕಿಂತ ಗಡಸಾಗಿದ್ದರೆ ಸೋಲುತ್ತದೆ. ಅನೇಕ ಟ್ಯಾಬ್ಲೆಟ್‌ಗಳ ಮೇಲೆ ಸಣ್ಣ ಅಕ್ಷರದಲ್ಲಿ 21 ಜರ್ಮನ್ ಡಿಗ್ರಿವರೆಗೆ ಎಂದು ಬರೆದಿರುತ್ತದೆ, ಅಂದರೆ ಸುಮಾರು 375 ಪಿಪಿಎಂ. ಹಿಂದೆ ಈ ಕೆಲಸವನ್ನು ಫಾಸ್ಫೇಟ್ ಸುಲಭವಾಗಿ ಮಾಡುತ್ತಿತ್ತು. ಕೆರೆ ನದಿಗಳಲ್ಲಿ ಪಾಚಿ ಬೆಳೆಯಲು ಅದು ಕಾರಣವೆಂದು ಯುರೋಪಿಯನ್ ಒಕ್ಕೂಟ 2017ರ ಜನವರಿಯಿಂದ ಒಂದು ಸಲದ ಅಳತೆಗೆ 0.3 ಗ್ರಾಂ ರಂಜಕದ (ಫಾಸ್ಫೇಟ್‌ನಲ್ಲಿರುವ ಫಾಸ್ಫರಸ್) ಮಿತಿ ಹಾಕಿತು. ಫಾಸ್ಫೇಟ್ ಇಲ್ಲದ ಪುಡಿಗಳಲ್ಲಿ ಗಡಸು ನೀರಿನ ಪರಿಣಾಮ ಬೇಗ ಕಣ್ಣಿಗೆ ಬೀಳುತ್ತದೆ. ಕೆಲವು ದೇಶಗಳಲ್ಲಿ ಮಾರುವ ಯಂತ್ರಗಳಲ್ಲಿ ಉಪ್ಪಿನ ಡಬ್ಬವೇ ಇರುವುದಿಲ್ಲ, ಅಂಥವಕ್ಕೆ ಈ ಪದಾರ್ಥಗಳೇ ಗತಿ.

ಡಿಟರ್ಜೆಂಟ್ ವಿಷಯದಲ್ಲಿ ಇನ್ನೊಂದು ದೊಡ್ಡ ಅನಾಹುತ: ಪುಡಿ ಮುಗಿದಿದೆಯೆಂದು ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುವುದು. ಡಿಶ್‌ವಾಶರ್ ಡಿಟರ್ಜೆಂಟ್‌ನಲ್ಲಿ ನೊರೆ ಬಾರದ ಪದಾರ್ಥ ಬೇಕೆಂದೇ ಹಾಕಿರುತ್ತಾರೆ. ಕೈ ಲಿಕ್ವಿಡ್ ಆದರೆ ಒಂದು ಚಮಚಕ್ಕೇ ಒಳಗೆಲ್ಲ ನೊರೆ ತುಂಬಿ, ಪಂಪ್ ನೀರಿನ ಬದಲು ಗಾಳಿ ಎಳೆದು, ಬಾಗಿಲಿನ ಅಡಿಯಿಂದ ನೊರೆ ನೆಲಕ್ಕೆ ಬರುತ್ತದೆ. ಯಂತ್ರದ ಅಡಿತಟ್ಟೆಗೆ ನೀರು ಸೇರಿದರೆ ಸೋರಿಕೆ ತಡೆಯುವ ಸ್ವಿಚ್ ಎಲ್ಲವನ್ನೂ ನಿಲ್ಲಿಸುತ್ತದೆ. ನಿಲ್ಲಿಸಿ, ನೊರೆ ತೋಡಿ ತೆಗೆಯಿರಿ, ತಣ್ಣೀರು ಒಂದೆರಡು ಲೀಟರ್ ಹಾಕಿ ನೀರು ಹೊರಹಾಕುವ ಪ್ರೋಗ್ರಾಂ ಮಾತ್ರ ಓಡಿಸಿ, ನೊರೆ ಕಡಿಮೆಯಾಗುವವರೆಗೆ ಹೀಗೇ. ಬಿಸಿ ನೀರು ಬೇಡ, ನೊರೆ ಇನ್ನಷ್ಟು ಏಳುತ್ತದೆ.

ಟ್ಯಾಬ್ಲೆಟ್ ಅನ್ನು ಒಣ ಕೈಯಲ್ಲಿ ಒಣ ಡಬ್ಬಿಗೆ ಇಡಿ. ಒದ್ದೆಯಾದರೆ ಹೊರಪದರ ಅಂಟಿಕೊಂಡು ಅರ್ಧ ಕರಗಿ ಅಲ್ಲೇ ಉಳಿಯುತ್ತದೆ. ಎದುರಿಗೆ ದೊಡ್ಡ ಬಾಣಲೆಯೋ ತಟ್ಟೆಯೋ ಇದ್ದು ಡಬ್ಬಿಯ ಬಾಗಿಲು ತೆರೆಯದಿದ್ದರೂ ಅದೇ ಗತಿ. ಯಂತ್ರದ ತಳಕ್ಕೆ ಸುಮ್ಮನೆ ಎಸೆದರೆ ಮೊದಲ ತಣ್ಣೀರಿನ ಜೊತೆಗೇ ಬಹುಪಾಲು ಹೊರಟುಹೋಗುತ್ತದೆ. ಅರ್ಧ ಗಂಟೆಯ ಪ್ರೋಗ್ರಾಂಗೆ ಪುಡಿ ಉತ್ತಮ, ಬೇಗ ಕರಗುತ್ತದೆ, ನೀರಿಗೆ ತಕ್ಕಂತೆ ಅಳತೆ ಹೆಚ್ಚುಕಡಿಮೆ ಮಾಡಬಹುದು.

ರಿನ್ಸ್ ಏಡ್ ಕೊನೆಯ ಬಿಸಿ ನೀರಿನಲ್ಲಿ ಬೀಳುತ್ತದೆ, ಒಂದು ಸಲಕ್ಕೆ ಕೆಲವೇ ಮಿಲಿಲೀಟರ್. ನೀರು ಹನಿಯಾಗಿ ನಿಲ್ಲದೆ ಹಾಳೆಯಂತೆ ಜಾರಿಹೋಗಬೇಕು, ಅದಕ್ಕೆ ಅದು. ಒಣಗಿದ ಹನಿಗಳ ಗುರುತು ಉಳಿದರೆ ಒಂದು ಅಂಕಿ ಏರಿಸಿ. ನೀಲಿ ಗೆರೆ, ಅಂಟಂಟು ಕಂಡರೆ ಇಳಿಸಿ. ಮೇಲೆ ಹೇಳಿದ ಮನೆಯಲ್ಲಿ ಅಂಕಿ ಏರಿಸುತ್ತ ಹೋಗಿ ಈ ಗೆರೆಗಳೇ ಬಂದದ್ದು. ತುಂಬುವಾಗ ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಅದೂ ನೊರೆ ಎಬ್ಬಿಸುತ್ತದೆ. ಇದರ ಬದಲು ವಿನೆಗರ್ ತುಂಬಿ ಎನ್ನುವ ಸಲಹೆ ಕಿವಿಗೆ ಬಿದ್ದರೆ ಅಲ್ಲಿಗೇ ಬಿಡಿ: ಹನಿ ಹರಡಿಸುವ ಪದಾರ್ಥ ಅದರಲ್ಲಿಲ್ಲ, ಆಮ್ಲ ಸದಾ ತಾಗಿದ್ದರೆ ರಬ್ಬರ್ ಸೀಲ್ ಹಾಳಾಗುತ್ತದೆ. ಕ್ಲೋರಿನ್ ಬ್ಲೀಚ್ ಇರುವ ಡಿಟರ್ಜೆಂಟ್ ಜೊತೆ ಆಮ್ಲ ಸೇರಿದರೆ ವಿಷಾನಿಲ ಬರುತ್ತದೆ.

ಈಗಾಗಲೇ ಲೋಟ ಮಸುಕಾಗಿದ್ದರೆ ಯಾವುದನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ. ಮಸುಕಿನ ಮೇಲೆ ವಿನೆಗರ್ ಅದ್ದಿದ ಬಟ್ಟೆಯಿಂದ ಉಜ್ಜಿ. ಹೋದರೆ ಅದು ಸುಣ್ಣ: ನೀರು ಗಡಸು, ಉಪ್ಪು ಮತ್ತು ಮಟ್ಟ ನೋಡಿ. ಹೋಗದೆ, ಬೆಳಕಿಗೆ ಹಿಡಿದಾಗ ಕಾಮನಬಿಲ್ಲಿನ ಬಣ್ಣವೋ ಸಣ್ಣ ಗೀರುಗಳೋ ಕಂಡರೆ ಗಾಜೇ ಸವೆದಿದೆ. ತೀರಾ ಮೆದು ನೀರು, ಹೆಚ್ಚು ಡಿಟರ್ಜೆಂಟ್, ಹೆಚ್ಚು ಬಿಸಿ ಸೇರಿದಾಗ ಆಗುವ ಹಾನಿ ಇದು, ಅಂಥ ಲೋಟ ಮತ್ತೆ ತಿಳಿಯಾಗುವುದಿಲ್ಲ. ಹಾಗಿದ್ದಲ್ಲಿ ಗಡಸುತನದ ಮಟ್ಟ ಇಳಿಸಿ, ಪುಡಿ ಕಡಿಮೆ ಮಾಡಿ, ಗಾಜಿಗೆ 40ರಿಂದ 50 ಡಿಗ್ರಿಯ ಪ್ರೋಗ್ರಾಂ ಆರಿಸಿ. ಇಲ್ಲಿ ಮತ್ತಷ್ಟು ಡಿಟರ್ಜೆಂಟ್ ಹಾಕಿದರೆ ಉಳಿದ ಲೋಟಗಳೂ ಮಸುಕಾಗುತ್ತವೆ.